ಆವಾ ಪಟ್ಟಣಕ್ಕೆ ನನ್ನನ್ನು ಕಳಿಸಿದ ದಾವಲಸಾಬ ಮೇಸ್ತ್ರಿ

ದಾವಲಸಾಬ ಮೇಸ್ತ್ರಿಯವರ ಎಡಗಿವಿ ಸದಾ ಕಪ್ಪಗಿರುತ್ತಿತ್ತು. ಶುಕ್ರವಾರ ನಮಾಜಿಗೆ ಹೋಗುವ ಮೊದಲು ಸೀಗೆಪುಡಿ ಹಾಕಿ ಎಷ್ಟು ತಿಕ್ಕಿದರೂ ಆ ಕಪ್ಪು ಬಿಡುತ್ತಿರಲಿಲ್ಲ. ಅದು ಇಂಜಿನ್ನಿನ ಎಣ್ಣೆ. ಅಕ್ಕಿಆಲೂರಿನ ನಮ್ಮ ಅಕ್ಕಿ ಗಿರಣಿಯಲ್ಲಿ ಇಂಜಿನ್ ನಡೆಯುತ್ತಿರುವಾಗ ಅವರು ಮೊಳದುದ್ದದ ಕಬ್ಬಿಣದ ಸಲಾಕೆಯ ಒಂದು ತುದಿಯನ್ನು ಬೇರಿಂಗಿನ ಮೇಲಿಟ್ಟು, ಇನ್ನೊಂದು ತುದಿಯನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಡಾಕ್ಟರು ರೋಗಿಯ ಎದೆ ಬಡಿತ ಕೇಳುವ ಹಾಗೆ. ಆ ಹೊತ್ತಿನಲ್ಲಿ ಗಿರಣಿಯ ಮಾಲಕರೇ ಬಂದು ಕರೆದರೂ ಓಗೊಡುತ್ತಿರಲಿಲ್ಲ. ಕೇಳುವುದು ಮುಗಿದ ಮೇಲೆ ಕಣ್ಣು ತೆರೆದು, ಯಾವ ಬೋಲ್ಟು ಸಡಿಲಾಗಿದೆ, ಯಾವುದಕ್ಕೆ ಎಣ್ಣೆ ಮುಟ್ಟಿಲ್ಲ ಎಂದು ಹೇಳುತ್ತಿದ್ದರು. ಹೇಳಿದ್ದು ತಪ್ಪಿದ್ದನ್ನು ನಾನು ಕಾಣಲಿಲ್ಲ.

ನಾನು ತಿಳವಳ್ಳಿಯವನು. ಮದುವೆಯಾದ ವರ್ಷವೇ ಆ ಗಿರಣಿಗೆ ಫಿಟ್ಟರ್ ಆಗಿ ಸೇರಿದೆ. ಪಾನಾ, ಸುತ್ತಿಗೆ ಹಿಡಿಯಲು ಬರುತ್ತದೆ ಎಂಬ ಸೊಕ್ಕು ತಲೆಯಲ್ಲಿತ್ತು. ಸೇರಿದ ತಿಂಗಳೊಳಗೆ ಒಂದು ಬೇರಿಂಗ್ ಬದಲಿಸಿ, ಇನ್ನು ಇದರ ಚಿಂತೆ ಬೇಡ ಎಂದು ಕೈ ಒರೆಸಿಕೊಂಡೆ. ಮೇಸ್ತ್ರಿ ಸಲಾಕೆ ಹಚ್ಚಿ ಕೇಳಿದರು.

"ಚನ್ನಪ್ಪ, ಇಂಜಿನ್ ಬಂದ್ ಮಾಡು."

"ಯಾಕ್ರಿ ಮೇಸ್ತ್ರಿ, ಛಲೋ ನಡದೈತಲ್ರಿ?"

"ನಡದೈತಿ. ಆದ್ರ ಒಳಗ ಕೆಮ್ಮಾಕತ್ತೈತಿ."

ಹೊರಗೆ ಭತ್ತದ ಚಕ್ಕಡಿಗಳು ಸಾಲುಗಟ್ಟಿದ್ದವು. ಸುಗ್ಗಿಯ ದಿನ ಗಿರಣಿ ನಿಂತಿತೆಂದು ಮಾಲಕರು ಕೂಗಾಡುತ್ತ ಬಂದರು. ಬಿಚ್ಚಿ ನೋಡಿದರೆ, ನಾನು ಸುತ್ತಿಗೆಯಿಂದ ಬಡಿದು ಕೂರಿಸಿದ ಜಾಗದಲ್ಲಿ ಕೂದಲೆಳೆಯಂಥ ಸೀಳು ಕಾಣಿಸಿತು. ಹಾಗೆಯೇ ಓಡಿಸಿದ್ದರೆ ದೊಡ್ಡ ಗಾಲಿ ಕಳಚಿ ಯಾರ ತಲೆಯ ಮೇಲೆ ಬೀಳುತ್ತಿತ್ತೋ. ಮಾಲಕರು ಯಾರ ಕೆಲಸ ಇದು ಎಂದು ಕೇಳಿದಾಗ ಮೇಸ್ತ್ರಿ, "ನಂದ್ರೀ" ಎಂದರು. ನನ್ನ ಕಡೆ ನೋಡಲೂ ಇಲ್ಲ. ಅಂದಿನಿಂದ ನಾನು ಅವರ ಹಿಂದೆ ಬಿದ್ದು ಕೆಲಸ ಕಲಿತೆ. ಇವತ್ತಿಗೂ ನನ್ನ ಕೈಯಲ್ಲಿ ವಿದ್ಯೆ ಅಂತ ಏನಾದರೂ ಇದ್ದರೆ ಅದು ಅವರು ಕೊಟ್ಟದ್ದು.

ಮೇಸ್ತ್ರಿ ಸವಣೂರಿನವರು. ಹರೆಯದಲ್ಲೇ ಬರ್ಮಾಕ್ಕೆ ಹೋಗಿ ಅಲ್ಲಿನ ಅಕ್ಕಿ ಗಿರಣಿಗಳಲ್ಲಿ ಹದಿನೈದು ವರ್ಷ ದುಡಿದಿದ್ದರು. ಜಪಾನಿನವರು ಬಾಂಬು ಹಾಕಿದಾಗ ಸಾವಿರಾರು ಜನರ ಜೊತೆ ಕಾಡು ಗುಡ್ಡ ಹಾಯ್ದು ನಡೆದುಕೊಂಡೇ ಹಿಂದುಸ್ತಾನಕ್ಕೆ ಬಂದವರು. ಕಾಲಿನ ಬೆರಳುಗಳಲ್ಲಿ ನಾಲ್ಕಕ್ಕೆ ಉಗುರುಗಳಿರಲಿಲ್ಲ. ಅಲ್ಲಿ ಒಬ್ಬ ಬರ್ಮೀ ಹೆಂಗಸನ್ನು ಮದುವೆಯಾಗಿದ್ದರೆಂದೂ ಆಕೆ ದಾರಿಯಲ್ಲಿ ಕಾಲರಾ ಬಂದು ಸತ್ತಳೆಂದೂ ಗಿರಣಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅದಕ್ಕಿಂತ ಹೆಚ್ಚು ಯಾರಿಗೂ ಗೊತ್ತಿರಲಿಲ್ಲ. ತಿರುಗಿ ಬಂದ ಮೇಲೆ ಮತ್ತೆ ಮದುವೆಯಾಗದೆ, ವಿಧವೆ ತಂಗಿ ಹುಸೇನಬಿಯ ಜೊತೆ ಗಿರಣಿಯ ಹಿಂದಿನ ಓಣಿಯಲ್ಲಿ ಇದ್ದರು. ವಯಸ್ಸಿನಲ್ಲಿ ನನಗಿಂತ ದೊಡ್ಡವರಾದ್ದರಿಂದ ನಾನು ಆಕೆಯನ್ನು ಅಕ್ಕ ಎನ್ನುತ್ತಿದ್ದೆ.

ಊಟದ ಹೊತ್ತಿಗೆ ಇಂಜಿನ್ ನಿಂತಾಗ ಮೇಸ್ತ್ರಿ ರೊಟ್ಟಿ ಬಿಚ್ಚಿ ಆವಾ ಪಟ್ಟಣದ ಮಾತು ತೆಗೆಯುತ್ತಿದ್ದರು. ಅವರು ಅಲ್ಲಿ ಸಂಸಾರ ಹೂಡಿದ ಊರು. ಒಂದು ಕಾಲಕ್ಕೆ ರಾಜಧಾನಿ. ಆಮೇಲೆ ಭೂಕಂಪವಾಗಿ, ರಾಜರು ಬಿಟ್ಟು ಹೋಗಿ, ಹಳ್ಳಿಯಾಗಿ ಉಳಿದದ್ದು.

"ಅರಮನಿ ಇದ್ದಲ್ಲೆ ಈಗ ಬಾಳಿ ತ್ವಾಟ ಐತಿ. ಕ್ವಾಟಿ ಒಳಗ ಭತ್ತ ಬೆಳೀತಾರ. ಅರಮನಿದು ಉಳದದ್ದು ಒಂದ ಗೋಪುರ, ಅದೂ ವಾಲೇತಿ. ನಾ ಹೋದಾಗಿಂದ ಬೀಳತೈತಿ ಬೀಳತೈತಿ ಅಂತಿದ್ರು, ನಾ ಬರೂ ತನಕ ಬಿದ್ದಿರಲಿಲ್ಲ. ಏನು ಶಾಂತ ಊರು ಅಂತಿ. ಗುಡಿಯಾಗಿನ ಸಣ್ಣ ಗಂಟಿ ಗಾಳಿಗೆ ಅಲ್ಲಾಡಿದ್ರ ಹೊಳಿ ದಂಡಿಗೆ ಕೇಳತಿತ್ತು."

ಹಮಾಲರು ನಗುತ್ತಿದ್ದರು. ವಾಲಿದ ಗೋಪುರ ನೂರು ವರ್ಷ ಹೇಗೆ ನಿಲ್ಲುತ್ತದೆ ಎಂದು ಕೇಳುತ್ತಿದ್ದರು. ಮೇಸ್ತ್ರಿ ಸಿಟ್ಟಾಗುತ್ತಿರಲಿಲ್ಲ. "ಮನಷಾ ನಿಂತಿಲ್ಲೇನು?" ಎಂದು ರೊಟ್ಟಿ ಮುರಿಯುತ್ತಿದ್ದರು.

ಐವತ್ತರ ದಶಕ ಮುಗಿಯುತ್ತ ಬಂದಿತ್ತು. ಮುಂಬಯಿಯ ಒಂದು ಯಂತ್ರದ ಕಂಪನಿಯವರು ಮಂಡಾಲೆಯ ಸುತ್ತಮುತ್ತ ಭತ್ತ ಸುಲಿಯುವ ಹೊಸ ಯಂತ್ರ ಕೂರಿಸಲು ಜನ ಹುಡುಕುತ್ತಿದ್ದರು. ಬರ್ಮಾ ಕಂಡವರು, ಭಾಷೆ ಬಲ್ಲವರು ಎಂದು ಮೇಸ್ತ್ರಿಯನ್ನೇ ಕೇಳಿಕೊಂಡು ಬಂದರು. ಮೇಸ್ತ್ರಿ ಒಲ್ಲೆ ಎಂದರು. "ನನ್ನ ಕಾಲು ಆ ಕಡೆ ಏಳೂದಿಲ್ಲ. ನಮ್ಮ ಚನ್ನಪ್ಪನ್ನ ಕರ್ಕೊಂಡು ಹೋಗ್ರಿ. ಅಂವಾ ಅಂದ್ರೂ ಒಂದ, ನಾ ಅಂದ್ರೂ ಒಂದ." ಈ ಒಂದು ಮಾತಿನಿಂದ ತಿಳವಳ್ಳಿಯ ನಾನು ಮದ್ರಾಸಿಗೆ ಹೋಗಿ ಹಡಗು ಹತ್ತುವಂತಾಯಿತು.

ಹೊರಡುವ ಹಿಂದಿನ ದಿನ ಮೇಸ್ತ್ರಿ ನನ್ನನ್ನು ಇಂಜಿನ್ ಕೋಣೆಗೆ ಕರೆದರು.

"ಚನ್ನಪ್ಪ, ನಂದೊಂದು ಕೆಲಸ ಐತಿ. ಮಂಡಾಲೆದಿಂದ ಆವಾ ಭಾಳ ದೂರಿಲ್ಲ. ಹೊಳಿ ಮ್ಯಾಲಿನ ದೊಡ್ಡ ಪುಲ್ಲಿನ ತನಕ ಬಸ್ಸು, ಆಮ್ಯಾಲ ದ್ವಾಣಿ. ದಂಡಿ ಮ್ಯಾಲ ಕುದರಿ ಗಾಡಿ ಇರ್ತಾವು. ಗಾಡಿಯಾಂವಗ 'ಬಲೀ' ಅನ್ನು. ಮಸೂತಿಗೆ ಅಲ್ಲೆ ಹಂಗಂತಾರ. ಮಸೂತಿ ಹಿಂದ ಖಬರಸ್ಥಾನ. ಹೊಳಿ ಕಡೆ ಗ್ವಾಡಿಯಿಂದ ಮೂರನೇ ಗೋರಿ. ಸಣ್ಣದೈತಿ."

"ಯಾರದ್ರೀ?"

"ನಮ್ಮ ಮಿಮೀದು. ಮಗಳು."

ಅವರಿಗೆ ಮಗಳಿದ್ದಳೆಂದು ನಾನು ಕೇಳಿದ್ದು ಅದೇ ಮೊದಲು.

"ಮೂರೂವರಿ ವರ್ಷದಾಕಿ. ಜ್ವರಾ ಬಂತು, ಹೋದ್ಲು. ಲಡಾಯಿ ಬರೂಕಿಂತ ಮೊದ್ಲ. ಅವರವ್ವನ್ನ ದಾರ್ಯಾಗ ಒಂದು ಗಿಡದ ಬುಡಕ್ಕ ಮಣ್ಣೆಳದು, ಮಂದಿ ಬೆನ್ನ ಹಿಂದ ಓಡಿ ಬಂದೆ. ಯಾವ ಗಿಡ, ಯಾವ ಗುಡ್ಡ, ಒಂದೂ ಗೊತ್ತಿಲ್ಲ. ಇದೊಂದ ನೋಡು, ನನಗ ಗೊತ್ತಿರೂ ಜಾಗಾ."

"ಅಲ್ಲೆ ನಾ ಏನು ಮಾಡ್ಬೇಕ್ರಿ?"

ಜೇಬಿನಿಂದ ಹೆಬ್ಬೆರಳಿನಷ್ಟು ದೊಡ್ಡ ಅತ್ತರಿನ ಸೀಸೆ ತೆಗೆದು ನನ್ನ ಕೈಗಿಟ್ಟರು. "ಫಾತೇಹಾ ಓದಾಕ ನಿನಗ ಬರೂದಿಲ್ಲ. ಇದನ್ನ ಎರಡು ಹನಿ ಹಾಕು. ಹೆಸರು ಹಿಡದು ಒಮ್ಮೆ ಕರಿ. ನಿಮ್ಮಪ್ಪ ಕಳಿಸ್ಯಾನ ಅನ್ನು. ಕನ್ನಡದಾಗ ಅಂದ್ರೂ ತಿಳೀತೈತಿ. ನಾ ಅಕಿ ಕೂಡ ಕನ್ನಡದಾಗ ಮಾತಾಡ್ತಿದ್ದೆ."

ನಾನು ಅವರ ಕೈ ಹಿಡಿದು, ಹೋಗಿಯೇ ಹೋಗುತ್ತೇನೆ ಎಂದು ಮಾತು ಕೊಟ್ಟೆ.

ಬರ್ಮಾದಲ್ಲಿ ಎಂಟು ತಿಂಗಳಿದ್ದೆ. ಮಂಡಾಲೆಗೆ ಹೋಗಿ ಮುಟ್ಟಿದ ಮೊದಲ ವಾರವೇ ಆವಾಕ್ಕೆ ಹೋಗಬಹುದಿತ್ತು. ಈ ರವಿವಾರ ಬೇಡ ಮುಂದಿನ ರವಿವಾರ ಎನ್ನುತ್ತ ಕಳೆದೆ. ಕೆಲಸ ಹೆಚ್ಚಿತ್ತೆಂಬುದು ನಿಜ. ರವಿವಾರ ಕೆಲಸವಿರಲಿಲ್ಲ ಎಂಬುದೂ ನಿಜ. ಕೊನೆಗೆ ಹೊರಡಲು ಎರಡು ದಿನ ಉಳಿದಾಗ ಸೀಸೆಯನ್ನು ಜೇಬಿನಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. ಹಿಂದಿನ ದಿನವಷ್ಟೇ ಮಂಡಾಲೆಯ ಪೇಟೆಯಲ್ಲಿ ಕಂದು ಬಣ್ಣದ ಹೊಸ ಬೂಟು ಕೊಂಡಿದ್ದೆ. ನನ್ನ ಜೀವನದ ಮೊದಲ ಬೂಟು. ಅದನ್ನೇ ಹಾಕಿಕೊಂಡು ಹೋದೆ.

ಮೇಸ್ತ್ರಿ ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ದೋಣಿ ಇಳಿದರೆ ದಡದ ಮೇಲೆ ಕುದುರೆ ಗಾಡಿಗಳು. ಮಣ್ಣಿನ ದಾರಿ, ಎರಡೂ ಕಡೆ ಬಾಳೆ, ಅದರಾಚೆ ಹಸಿರು ಭತ್ತ, ಭತ್ತದ ನಡುನಡುವೆ ಹೆಗ್ಗಂಟೆ ಕವುಚಿಟ್ಟಂತೆ ಬಿಳಿಯ ಗುಡಿಗಳು. ಕೆಲವಕ್ಕೆ ಶಿಖರವಿಲ್ಲ. ಕೆಲವುಗಳ ಹೊಟ್ಟೆ ಸೀಳಿ ಆಲದ ಗಿಡ ಬೆಳೆದಿತ್ತು. ಒಳಗೆ ಬುದ್ಧ ಒಬ್ಬನೇ ಕುಳಿತಿರುತ್ತಿದ್ದ. ಹೂ ಇಟ್ಟವರು ಯಾರೂ ಕಾಣಿಸಲಿಲ್ಲ, ಆದರೆ ಹೂ ತಾಜಾ ಇತ್ತು. ಸಾಗುವಾನಿಯ ಒಂದು ದೊಡ್ಡ ಮಠ ನೋಡಿದೆ. ಒಬ್ಬನ ತೆಕ್ಕೆಗೆ ಸಿಗದ ಕಂಬಗಳು, ಒಳಗೆ ಕತ್ತಲು, ತಂಪು. ಒಬ್ಬ ಮುದಿ ಸನ್ಯಾಸಿ ನನಗೆ ಸಪ್ಪೆ ಚಹ ಕೊಟ್ಟು ತಾಳೆ ಬೆಲ್ಲದ ತುಣುಕು ಮುಂದಿಟ್ಟರು. ಅರಮನೆಯ ಗೋಪುರ ವಾಲಿಕೊಂಡೇ ನಿಂತಿತ್ತು. ಕೆಳಗೆ ಎಮ್ಮೆ ಮೇಯುತ್ತಿದ್ದವು. ನಾನು ಮೇಲೆ ಹತ್ತಿ ಹೊಳೆ ನೋಡಿದೆ. ಅಲ್ಲಿ ನಿಂತಾಗ ಗಾಳಿ ಬೀಸಿ ಎಲ್ಲಿಂದಲೋ ಸಣ್ಣ ಗಂಟೆಯ ಸದ್ದು ಕೇಳಿಸಿತು. ಮೇಸ್ತ್ರಿಗೆ ಇದನ್ನು ಹೇಳಬೇಕು ಎಂದುಕೊಂಡೆ. ಇಷ್ಟೆಲ್ಲ ನೋಡುವಷ್ಟರಲ್ಲಿ ಹೊತ್ತು ಇಳಿದಿತ್ತು.

ಗಾಡಿಯವನಿಗೆ "ಬಲೀ" ಎಂದೆ. ಅವನು ಒಂದು ಗಳಿಗೆ ನನ್ನ ಮುಖ ನೋಡಿದ. ಆಮೇಲೆ ಹೊಳೆಯ ಕಡೆ ಕೈ ಬೀಸಿ ಏನೇನೋ ಹೇಳಿದ, ತಲೆ ಅಲ್ಲಾಡಿಸಿದ. ನಾನು ಅತ್ತ ನೋಡಿದೆ. ಗದ್ದೆಗಳಾಚೆ, ಅರ್ಧ ತಾಸಿನ ದಾರಿಯಲ್ಲಿ, ಬೆಳ್ಳಗಿನದೊಂದು ಕಟ್ಟಡ ಕಂಡಿತು. ಅದೇ ಮಸೂತಿ ಎಂದುಕೊಂಡೆ. ಅಲ್ಲಿಗೆ ಗಾಡಿ ಹೋಗುವ ಹಾಗಿರಲಿಲ್ಲ. ಮಳೆಯಾಗಿ ಬದುವಿನ ಮೇಲೆ ಪಾದ ಮುಳುಗುವಷ್ಟು ಕೆಸರು. ಗಾಡಿಯವನು ದಾರಿ ಸರಿಯಿಲ್ಲ ಎನ್ನುತ್ತಿದ್ದಾನೆಂದು ನಾನೇ ಅರ್ಥ ಮಾಡಿಕೊಂಡೆ. ನನ್ನ ಬೂಟಿನ ಕಡೆ ನೋಡಿದೆ. ಬಿಚ್ಚಿ ಕೈಯಲ್ಲಿ ಹಿಡಿದು ಹೋಗಬಹುದಿತ್ತು. ಗದ್ದೆಯ ಕೆಸರು ತುಳಿದೇ ಬೆಳೆದವನು ನಾನು. ಆದರೂ ಗಾಡಿಯನ್ನು ದೋಣಿಯ ಕಡೆ ತಿರುಗಿಸಲು ಹೇಳಿದೆ.

ಹೊಳೆಯ ನಡುವೆ ಸೀಸೆಯ ನೆನಪಾಯಿತು. ಹಿಂದಕ್ಕೆ ಒಯ್ಯುವಂತಿಲ್ಲ. ಬಿರಡೆ ತೆಗೆದು ಅತ್ತರನ್ನು ನೀರಿಗೆ ಸುರಿದೆ. ದೋಣಿಯ ತುಂಬ ಘಮ ಹರಡಿ, ಕೆನ್ನೆಗೆ ಗಂಧ ಹಚ್ಚಿಕೊಂಡಿದ್ದ ಹೆಂಗಸರು ತಿರುಗಿ ನನ್ನನ್ನು ನೋಡಿ ನಕ್ಕರು. ನಾನೂ ನಕ್ಕೆ. ಆ ನಗುವನ್ನು ನೆನೆದರೆ ಈಗಲೂ ನನಗೆ ನನ್ನ ಮೇಲೆ ಹೇಸಿಕೆ ಬರುತ್ತದೆ.

ಅಕ್ಕಿಆಲೂರಿಗೆ ಬಂದು ಇಂಜಿನ್ ಕೋಣೆಗೆ ಹೋದಾಗ ಮೇಸ್ತ್ರಿ ಇಂಜಿನ್ ಗಾಲಿಯ ಪಟ್ಟಾಕ್ಕೆ ಜಾರದಂತೆ ರಾಳ ಹಚ್ಚುತ್ತಿದ್ದರು. ಕ್ಷೇಮ ಕೇಳಲಿಲ್ಲ, ಪ್ರಯಾಣ ಕೇಳಲಿಲ್ಲ.

"ಹೋಗಿದ್ಯಾ?"

"ಹೋಗಿದ್ದೆರಿ."

"ಹೆಸರು ಹಿಡದು ಕರದ್ಯಾ?"

"ಕರದೆರಿ."

ರಾಳದ ಕೈಯಲ್ಲೇ ನನ್ನ ಎರಡೂ ಕೈ ಹಿಡಿದುಕೊಂಡರು. "ಹೆಂಗೈತಿ ಅಲ್ಲೆ?"

ಸುಮ್ಮನೆ ಚೆನ್ನಾಗಿದೆ ಎಂದು ಬಿಡಬಹುದಿತ್ತು. ಆದರೆ ಸುಳ್ಳು ಹೇಳುವವನಿಗೆ ಒಂದು ಮಾತಿನಲ್ಲಿ ನಿಲ್ಲಿಸಲು ಧೈರ್ಯ ಸಾಲುವುದಿಲ್ಲ. ಗೋಡೆ ಒಂದು ಕಡೆ ಕುಸಿದಿದೆ, ಗೋರಿ ಮಾತ್ರ ಗಟ್ಟಿಮುಟ್ಟಾಗಿದೆ ಎಂದೆ. ಮಗ್ಗುಲಲ್ಲಿ ಒಂದು ಸಂಪಿಗೆ ಸಸಿ ಬೆಳೆದಿದೆ ಎಂದೆ.

"ಸಂಪಿಗಿ? ನಾ ಹಚ್ಚಿರಲಿಲ್ಲ."

"ಯಾರೋ ಹಚ್ಯಾರ್ರಿ."

"ಯಾವ ಪುಣ್ಯಾತ್ಮನೋ" ಎಂದು ಕೈ ಬಿಟ್ಟರು.

ಅಂದಿನಿಂದ ಗಿರಣಿಯ ರಜೆಯ ದಿನ ನನ್ನನ್ನು ಮನೆಗೆ ಕರೆಯುವುದು ರೂಢಿಯಾಯಿತು. ಹುಸೇನಬಿ ಅಕ್ಕ ಚಹ ಕೊಟ್ಟು ಒಳಗೆ ಹೋದ ಮೇಲೆ ಮೇಸ್ತ್ರಿ ದನಿ ತಗ್ಗಿಸಿ ಕೇಳುತ್ತಿದ್ದರು. ಅಲ್ಲಿ ಹುಡುಗರು ಆಡುತ್ತಾರೆಯೇ? ಆಡು ಹೊಕ್ಕು ಸಸಿ ತಿನ್ನುವುದಿಲ್ಲವೇ? ನೆರಳು ಯಾವ ಕಡೆ ಬೀಳುತ್ತದೆ? ನಾನು ಒಂದೊಂದಕ್ಕೂ ಉತ್ತರ ಕಟ್ಟುತ್ತಿದ್ದೆ. ಹಿಂದೆ ಹೇಳಿದ್ದಕ್ಕೆ ತಾಳೆಯಾಗುವಂತೆ ನೆನಪಿಟ್ಟುಕೊಂಡು ಹೇಳುತ್ತಿದ್ದೆ. ವರ್ಷಗಳಾದ ಮೇಲೆ, "ಈಗ ಅದು ಹೂ ಬಿಟ್ಟಿರಬೇಕಲ್ಲ?" ಎಂದು ಕೇಳಿದರು. "ಬಿಟ್ಟಿರಬೇಕ್ರಿ" ಎಂದೆ. ಇಲ್ಲದ ಗಿಡಕ್ಕೆ ಇಬ್ಬರೂ ಕೂಡಿ ಹೂ ಬಿಡಿಸಿದೆವು.

ಒಮ್ಮೆ ಹುಸೇನಬಿ ಅಕ್ಕ ಬಾಗಿಲ ತನಕ ಬಂದು ನನಗೆ ಕೈ ಮುಗಿದರು. "ನೀವು ಹೋಗಿ ಬಂದಾಗಿಂದ ಅಣ್ಣ ಹೊಟ್ಟಿ ತುಂಬ ಉಣ್ತಾನ್ರಿ. ಮೊದ್ಲ ನಿದ್ದಿಗಣ್ಣಾಗ ಚೀರ್ತಿದ್ದ. ಈಗ ಇಲ್ಲ." ನಾನು ಚಪ್ಪಲಿ ಮೆಟ್ಟುವ ನೆಪದಲ್ಲಿ ತಲೆ ತಗ್ಗಿಸಿದೆ.

ಬರ್ಮಾದಿಂದ ಬಂದದ್ದರಿಂದ ನನಗೆ ಹೆಸರಾಯಿತು. ಹಾನಗಲ್ಲು, ಹಿರೇಕೆರೂರು, ಶಿಗ್ಗಾಂವಿ ಕಡೆಯ ಗಿರಣಿಗಳವರು 'ಬರ್ಮಾ ಫಿಟ್ಟರ್' ಎಂದು ನನ್ನನ್ನು ಹುಡುಕಿಕೊಂಡು ಬರುತ್ತಿದ್ದರು. ಕಣ್ಣು ಮಂಜಾದ ಮೇಲೆ ಮೇಸ್ತ್ರಿ ಕೆಲಸ ಬಿಟ್ಟು ತಂಗಿಯ ಜೊತೆ ಸವಣೂರಿಗೆ ಹೋದರು. ನಾನು ತಿಂಗಳಿಗೊಮ್ಮೆ ಬಸ್ಸು ಹಿಡಿದು ಹೋಗಿ ಬರುತ್ತಿದ್ದೆ. ಅದು ಪ್ರೀತಿಯೋ ಹೆದರಿಕೆಯೋ ಈಗ ಬೇರ್ಪಡಿಸಿ ಹೇಳಲಾರೆ.

ಅರವತ್ತರ ದಶಕದ ನಡುವೆ ಬರ್ಮಾದಲ್ಲಿದ್ದ ನಮ್ಮವರು ಅಂಗಡಿ ಮುಂಗಟ್ಟು ಕಳೆದುಕೊಂಡು ಹಡಗು ಹಡಗಾಗಿ ತಿರುಗಿ ಬಂದರು. ಸವಣೂರಿಗೂ ಒಬ್ಬ ಬಂದ. ಖಾಸೀಮಸಾಬ ಎಂಬ ದರ್ಜಿ. ನಾನು ಹೋದ ದಿನ ಆತ ಮೇಸ್ತ್ರಿಯ ಕಟ್ಟೆಯ ಮೇಲೆ ಕುಳಿತು ಎಲೆಗೆ ಸುಣ್ಣ ಹಚ್ಚುತ್ತಿದ್ದ. ಆವಾದ ಎದುರು ದಡದ ಊರಿನಲ್ಲಿ ಇಪ್ಪತ್ತೈದು ವರ್ಷ ಅಂಗಡಿ ಇಟ್ಟವನಂತೆ.

ಮೇಸ್ತ್ರಿ ಹುರುಪಿನಿಂದ ನನ್ನ ಗುರುತು ಹೇಳಿದರು. "ಇಂವಾ ನಮ್ಮ ಚನ್ನಪ್ಪ. ಆವಾಕ್ಕ ಹೋಗಿ, ಮಸೂತಿ ಹಿಂದಿನ ಖಬರಸ್ಥಾನ ನೋಡಿ ಬಂದಾನ."

ದರ್ಜಿ ಎಲೆ ಕೈಯಲ್ಲೇ ಹಿಡಿದು ನನ್ನನ್ನು ನೋಡಿದ. "ಯಾವ ಮಸೂತಿರಿ? ಹೊಳಿ ದಂಡಿದೇನು? ಅದು ಎಲ್ಲೈತಿ? ಲಡಾಯಿ ಮುಗದ ಮರುವರ್ಷನ ಹೊಳಿ ಏರಿ ಬಂದು ದಂಡಿ ಕೊರದು, ಮಸೂತಿ, ಖಬರಸ್ಥಾನ ಎಲ್ಲಾ ತಗೊಂಡು ಹೋತು. ಈಗ ಅಲ್ಲೆ ದೊಡ್ಡ ನೀರು ಹರೀತೈತ್ರಿ."

ಗಾಡಿಯವನು ಹೊಳೆಯ ಕಡೆ ಕೈ ಬೀಸಿ ಹೇಳಿದ್ದು ಏನೆಂದು ಆಗ ತಿಳಿಯಿತು. ನಾನು ದೂರದಿಂದ ಕಂಡ ಬಿಳಿಯ ಕಟ್ಟಡ ಇನ್ನೊಂದು ಬುದ್ಧನ ಗುಡಿಯಾಗಿತ್ತು.

ಮೇಸ್ತ್ರಿ ನನ್ನ ಕಡೆ ತಿರುಗಲಿಲ್ಲ. ದರ್ಜಿಗೆ ನಿಧಾನವಾಗಿ ಹೇಳಿದರು: "ನೀ ಪೂರಾ ನೋಡಿಲ್ಲ ಖಾಸೀಮ. ಒಂದು ಮೂಲಿ ಉಳದೈತಿ. ನಮ್ಮ ಚನ್ನಪ್ಪ ಕಣ್ಣಿಲೆ ನೋಡ್ಯಾನ. ಇನ್ನೊಂದೆಲಿ ತಗೋ."

ದರ್ಜಿ ಮುದುಕನ ಜೊತೆ ವಾದ ಬೇಡವೆಂದು ಇನ್ನೊಂದು ಎಲೆ ತೆಗೆದುಕೊಂಡ. ನಾನು ಚಹ ಕುಡಿಯದೆ ಎದ್ದು ಬಂದೆ.

ಎರಡು ವಾರ ಸರಿಯಾಗಿ ಉಣ್ಣಲಾಗಲಿಲ್ಲ. ಗೋರಿ ಇರಲಿಲ್ಲವಲ್ಲ, ಹೋಗಿದ್ದರೂ ಏನು ಸಿಗುತ್ತಿತ್ತು ಎಂದು ಸಮಾಧಾನ ಹೇಳಿಕೊಂಡು ನೋಡಿದೆ. ಹಿಡಿಯಲಿಲ್ಲ. ಮೂರನೆಯ ವಾರ ಸವಣೂರಿಗೆ ಹೋದೆ. ಮೇಸ್ತ್ರಿ ಜ್ವರದಿಂದ ಮಲಗಿದ್ದರು. ಹುಸೇನಬಿ ಅಕ್ಕ ನೀರು ತರಲು ಹೋಗಿದ್ದರು.

"ಮೇಸ್ತ್ರಿ, ನಾ ಅವತ್ತು ಖಬರಸ್ಥಾನಕ್ಕ ಹೋಗಲೇ ಇಲ್ರಿ."

"ಗೊತ್ತೈತಿ."

"ಖಾಸೀಮಸಾಬ ಹೇಳಿದ ಮ್ಯಾಲೇನ್ರಿ?"

"ಅಲ್ಲ. ನೀ ಬಂದ ದಿನಾನ. ಹೇಳೂ ಮುಂದ ನನ್ನ ಮಾರಿ ನೋಡಲಿಲ್ಲ ನೀ."

"ಹಂಗಾರ ಇಷ್ಟು ವರ್ಷ ಯಾಕ ಕೇಳಕೋತ ಬಂದ್ರಿ?"

ಅವರು ಮಾಡಿನ ತೊಲೆ ನೋಡುತ್ತ ಹೇಳಿದರು. "ಮತ್ತ ಯಾರ ಕೂಡ ಅಕಿ ಮಾತು ತಗೀಲೋ? ಹುಸೇನಬಿ ಮುಂದ ತಗದ್ರ ಅಳಾಕ ಹತ್ತತಾಳ. ತಂಗೀನ್ನ ಬಿಟ್ರ ಮಿಮಿ ಅಂತ ಹೆಸರು ಗೊತ್ತಿದ್ದಾಂವ ಈ ದೇಶದಾಗ ನೀ ಒಬ್ಬಾಂವ. ನಿನ್ನ ಸುಳ್ಳು ಬಿಡಿಸಿದ್ರ ನೀ ಬರೂದು ಬಿಡ್ತಿದ್ದಿ."

"ತಪ್ಪಾತ್ರೀ" ಎಂದೆ.

ಹೋಗಲಿ ಬಿಡು ಎನ್ನುತ್ತಾರೆಂದು ಕಾದೆ. ಅವರು ಹಾಗೆನ್ನಲಿಲ್ಲ.

"ಹೂಂ, ತಪ್ಪಾಗೇತಿ. ನಡದು ಹೋಗಬೇಕಿತ್ತು ನೀ. ನೀರ ಇರಲಿ, ನೀರಿನ ತನಕ ನಡದು ಹೋಗಿ ಕರೀಬೇಕಿತ್ತು."

ಆಮೇಲೆ ನನ್ನ ಮೊಣಕೈ ಮೇಲೆ ಕೈಯಿಟ್ಟು, ಮೊದಲ ಸಲ ತಾವೇ ಮಗಳ ವಿಷಯ ಹೇಳತೊಡಗಿದರು. ಅಲ್ಲಿಯ ತನಕ ಅವರು ಕೇಳುತ್ತಿದ್ದರು, ನಾನು ಹೇಳುತ್ತಿದ್ದೆ. ಆಕೆ ಗಿರಣಿಗೆ ಬಂದರೆ ಅಕ್ಕಿಯ ರಾಶಿಯಲ್ಲಿ ಕಾಲು ಹೂತುಕೊಂಡು ಕೂರುತ್ತಿದ್ದಳಂತೆ. ಇಂಜಿನ್ ಶುರುವಾದರೆ ಹೆದರದೆ, ಅದರ ತಾಳಕ್ಕೆ ತಲೆ ಕುಣಿಸುತ್ತಿದ್ದಳಂತೆ. ತಾಯಿ ಬರ್ಮೀಯಲ್ಲಿ ಬೈದರೆ ತಂದೆಯ ಹತ್ತಿರ ಓಡಿ ಬಂದು, "ಅವ್ವ ಬೈತಾಳ" ಎಂದು ಸವಣೂರಿನ ಕನ್ನಡದಲ್ಲೇ ದೂರು ಹೇಳುತ್ತಿದ್ದಳಂತೆ. ಹೇಳುತ್ತ ಹೇಳುತ್ತ ಮೇಸ್ತ್ರಿ ದಣಿದರು. "ಇನ್ನೂ ಭಾಳ ಐತಿ. ಮುಂದಿನ ವಾರ ಬಾ, ಹೇಳ್ತೇನಿ. ಬರ್ತೀ?"

"ಬರ್ತೇನ್ರಿ."

ಆ ವಾರ ಮಾಸೂರಿನ ಒಂದು ಗಿರಣಿಯಲ್ಲಿ ಇಂಜಿನ್ ಕೂರಿಸುವ ಕೆಲಸ ಬಂತು. ಮದಗದ ಕೆರೆಯ ಭತ್ತ ಕೊಯ್ಲಿಗೆ ಬಂದಿತ್ತು, ಮಾಲಕರು ಅವಸರ ಮಾಡಿದರು. ಒಂದು ದಿನ ಬಿಟ್ಟು ಹೋಗಿ ಬರುತ್ತೇನೆಂದರೆ ಅವರೇನು ಕಟ್ಟಿ ಹಾಕುತ್ತಿರಲಿಲ್ಲ. ಮುಗಿಸಿಯೇ ಹೋದರಾಯಿತು ಎಂದುಕೊಂಡೆ. ಮುಗಿಯಲು ಹದಿನೆಂಟು ದಿನ ಹಿಡಿಯಿತು.

ಸವಣೂರಿನಲ್ಲಿ ಬಸ್ಸು ಇಳಿದು ಓಣಿ ಹೊಕ್ಕಾಗ ಕಟ್ಟೆ ಖಾಲಿ ಇತ್ತು. ಒಳಗೆ ಮಂಚದ ಹಾಸಿಗೆ ಸುತ್ತಿ ಗೋಡೆಗೆ ಆನಿಸಿದ್ದರು. ಹುಸೇನಬಿ ಅಕ್ಕ ನನ್ನನ್ನು ಕಂಡು ಸೆರಗು ಬಾಯಿಗಿಟ್ಟುಕೊಂಡರು. ಮಣ್ಣು ಕೊಟ್ಟು ನಾಲ್ಕು ದಿನವಾಗಿತ್ತು.

"ಬಸ್ಸಿನ ಸಪ್ಪಳಾ ಆದಾಗೊಮ್ಮೆ ಅಣ್ಣ 'ಚನ್ನಪ್ಪ ಬಂದ್ನೇನು ನೋಡು' ಅಂತಿದ್ನ್ರಿ. ಮಗಳದು ಏನೋ ಹೇಳೂದೈತಿ, ಅಂವಗ ಅಷ್ಟ ಹೇಳ್ತೇನಿ ಅಂತಿದ್ದ. ಏನಂತ ಕೇಳಿದ್ರ ನನಗ ಹೇಳ್ಲಿಲ್ಲ." ಆಕೆ ಕಣ್ಣು ಒರೆಸಿಕೊಂಡು ನನ್ನ ಮುಖ ನೋಡಿದರು. "ಅದು ಏನಂತ ನಿಮಗ ಗೊತ್ತೇನ್ರಿ?"

ನಾನು ಆಕೆಯ ಮುಖ ನೋಡಿಯೇ ಹೇಳಿದೆ, "ಗೊತ್ತಿಲ್ಲಬೇ ಅಕ್ಕ."